ಜೇಬಿನಲ್ಲಿದ್ದ ಫ್ಯೂಸು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಂಟಣ್ಣ ಎನ್ನುತ್ತಿದ್ದರು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಅದು. ದೀಪ ಹೋದರೂ, ಮೋಟರು ನಿಂತರೂ, ಕಚೇರಿಯ ಫ್ಯಾನು ಕಿರ್ರೆಂದರೂ ‘ಕರೆಂಟಣ್ಣನ್ನ ಕರೀರಿ’ ಎಂಬ ಕೂಗು ಹತ್ತೊಂಬತ್ತು ವರ್ಷಗಳಿಂದ ಆ ತಗಡಿನ ಮಾಡಿನ ಕೆಳಗೆ ಓಡಾಡಿಕೊಂಡಿತ್ತು. ಎಷ್ಟೇ ಅವಸರದಲ್ಲಿ ಕರೆದರೂ ಅವನು ನಡೆದೇ ಬರುತ್ತಿದ್ದ. ಓಡಿ ಬಂದ ಎಲೆಕ್ಟ್ರಿಷಿಯನ್ನನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿದ್ದ.

ಮುದುಕ ಕಲಿಸಿದ್ದರಲ್ಲಿ ಇನ್ನೊಂದು ಮಾತು ಅವನ ಮೈಗೇ ಅಂಟಿಕೊಂಡಿತ್ತು. ಏಣಿ ಹತ್ತುವ ಮೊದಲು ಕೆಲಸ ಮಾಡಬೇಕಾದ ತಂತಿಸಾಲಿನ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಸ್ವಿಚ್ಚು ಆರಿಸಿದರೆ ಸಾಲದು, ಯಾವ ಪುಣ್ಯಾತ್ಮನಾದರೂ ಬಂದು ಹಾಕಿಯಾನು. ‘ಕೆಲಸ ನಡೆಯುತ್ತಿದೆ’ ಎಂದು ಬೋರ್ಡು ತೂಗುಹಾಕಿದರೂ ಸಾಲದು, ಓದಲು ಬಾರದವರಿದ್ದಾರೆ, ಓದಿಯೂ ಹಾಕುವವರಿದ್ದಾರೆ. ಬೆಂಕಿಪೊಟ್ಟಣದಷ್ಟು ದೊಡ್ಡ ಆ ಬಿಳಿ ಪಿಂಗಾಣಿ ತುಂಡು ಎದೆಯ ಮೇಲೆ ಕೂತಿದ್ದರೆ ಮಾತ್ರ ತಂತಿಯೊಳಗೆ ಕರೆಂಟು ಬರಲು ದಾರಿಯೇ ಇರುವುದಿಲ್ಲ. ಅದೂ ಹತ್ತುವವನ ಜೇಬಿನಲ್ಲೇ ಇರಬೇಕು. “ನಿನ್ನ ಪ್ರಾಣನ ಇನ್ನೊಬ್ಬನ ಅಂಗಿಗೆ ಹಾಕಬೇಡ” ಎನ್ನುತ್ತಿದ್ದ ಮುದುಕ.

ಅಂಗಡಿಯಲ್ಲಿ ಕೊಂಡ ಅಂಗಿಗಳ ಜೇಬು ಈ ಭಾರಕ್ಕೆ ಜೋತು ಬೀಳುತ್ತಿತ್ತು. ಬಗ್ಗಿದರೆ ಫ್ಯೂಸು ಕೆಳಗೆ. ಕರೆಂಟಣ್ಣನ ಹೆಂಡತಿ ಬಟ್ಟೆ ಹೊಲಿಯುವವಳು. ಮದುವೆಯಾದ ಮೊದಲ ತಿಂಗಳಲ್ಲೇ ಅವನ ಐದೂ ಅಂಗಿಗಳ ಎಡಎದೆಗೆ ದಪ್ಪ ಖಾಕಿ ಬಟ್ಟೆಯ ಜೇಬು ಹೊಲಿದು, ಮುಚ್ಚಳವಿಟ್ಟು, ಕಪ್ಪು ಗುಂಡಿ ಹಚ್ಚಿಕೊಟ್ಟಳು. ಅಂಗಿಗಳು ಹಳತಾಗಿ ಹೊಸವು ಬಂದವು, ಜೇಬು ಮಾತ್ರ ಅದೇ ಅಳತೆಯದು. ದಿನಕ್ಕೆ ಎಷ್ಟು ಸಲ ಅವನ ಬಲಗೈ ಆ ಗುಂಡಿಯ ಮೇಲೆ ಹೋಗಿ ಬರುತ್ತಿತ್ತೋ ಅವನಿಗೇ ತಿಳಿಯದು.

ಅವನು ಏಣಿಯಿಂದ ಬಿದ್ದ ದಿನವೂ ಫ್ಯೂಸು ಜೇಬಿನಲ್ಲೇ ಇತ್ತು. ಅವನಿಗೆ ಕರೆಂಟು ಹೊಡೆಯಲಿಲ್ಲ. ಏಣಿ ಜಾರಿತು, ಅಷ್ಟೆ. ಕೆಳಗೆ ಏಣಿ ಹಿಡಿದುಕೊಂಡಿದ್ದವನು ಅವನ ಭಾವಮೈದುನ, ಹೆಂಡತಿಯ ತಮ್ಮ, ಹತ್ತು ವರ್ಷಗಳಿಂದ ಅವನ ಜೊತೆಗೇ ಕೆಲಸ ಮಾಡುವವನು. ಗಾಳಿಗೆ ಗೋದಾಮಿನ ಬಾಗಿಲು ದಡದಡ ಬಡಿಯುತ್ತಿತ್ತೆಂದು ಅದನ್ನು ಎಳೆದು ಹಾಕಲು ಹತ್ತು ಹೆಜ್ಜೆ ಹೋದ. ನೆಲದ ತುಂಬ ರಟ್ಟಿನ ಚೂರು. ಏಣಿಯ ಕಾಲು ಅದರ ಮೇಲೆ ಎಣ್ಣೆ ಸವರಿದ ಹಾಗೆ ಸರಿಯಿತು. ಕತ್ತರಿಸುವ ಯಂತ್ರದ ಕಬ್ಬಿಣದ ಮೂಲೆಗೆ ಕರೆಂಟಣ್ಣನ ತಲೆ ಬಡಿಯಿತು. ತಲೆಗೆ ಹಾಕಬೇಕಿದ್ದ ಟೋಪಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸು ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಒಳಗೆ ಕತ್ತರಿಯಿಂದ ಸೀಳಿ ತೆಗೆದ ಅಂಗಿ. ಜೇಬಿನ ಗುಂಡಿ ಹಾಕಿದ ಹಾಗೇ ಇತ್ತು. ಮೂರನೆಯ ದಿನ ಫೋರ್‌ಮನ್ ನೋಡಲು ಬಂದವನು ಸ್ವಲ್ಪ ಹೊತ್ತು ನಿಂತು, ಕೆಮ್ಮಿ, “ಅಮ್ಮಾ, ತಪ್ಪು ತಿಳ್ಕೋಬೇಡಿ, ಆ ಫ್ಯೂಸ್ ನಿಮ್ಮ ಹತ್ರ ಏನಾದ್ರೂ ಇದೆಯಾ” ಎಂದ. ಅವಳು ಗುಂಡಿ ಬಿಚ್ಚಿ ಕೊಟ್ಟಳು. ಅಂದೇ ಮಧ್ಯಾಹ್ನ ಕಾರ್ಖಾನೆಯ ಆ ಸಾಲಿಗೆ ದೀಪ ಬಂತು. ಕರೆಂಟಣ್ಣ ಕಣ್ಣು ಬಿಡಲು ಇನ್ನೂ ಆರು ದಿನ ಬೇಕಾಯಿತು.

ಮನೆಗೆ ಬಂದ ಮೇಲೆ ಎಲ್ಲರೂ ‘ದೊಡ್ಡ ಗಂಡಾಂತರ ಕಳೀತು’ ಎಂದರು. ಕಳೆದದ್ದು ಹೌದು. ಕಳೆದುಹೋದದ್ದು ಏನೇನೆಂದು ಒಂದೊಂದಾಗಿ ಗೊತ್ತಾಗತೊಡಗಿತು.

ಮೊದಲು ಸದ್ದು. ಲೋಟ ಲೋಟಕ್ಕೆ ತಗುಲಿದರೂ ಅವನ ತಲೆಯೊಳಗೆ ತಗಡು ಹರಿದ ಹಾಗಾಗುತ್ತಿತ್ತು. ಹೆಂಡತಿ ತನ್ನ ಹೊಲಿಗೆ ಯಂತ್ರವನ್ನು ಕೆಳಮನೆಯವರ ಮೆಟ್ಟಿಲ ಅಡಿಗೆ ಸಾಗಿಸಿದಳು. ಎಂಟನೆಯ ತರಗತಿಯ ಮಗಳು ಬರಿಗಾಲಲ್ಲಿ ಓಡಾಡುವುದನ್ನು ಕಲಿತಳು. ಆ ಮನೆಯಲ್ಲಿ ಬಾಗಿಲುಗಳನ್ನು ಮಲಗಿದ ಮಗುವಿಗೆ ಹೊದಿಸುವ ಹಾಗೆ ಮುಚ್ಚುತ್ತಿದ್ದರು.

ಆಮೇಲೆ ವಾಸನೆ. ಒಂದು ಸಂಜೆ ಅವಳು ಕೆಳಗೆ ಹೊಲಿಯುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಿಯಾಗಿ ಮೆಟ್ಟಿಲವರೆಗೂ ಹೊಗೆ ಬಂತು. ಓಡಿ ಬಂದು ನೋಡಿದರೆ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಒಲೆಗೆ ಬೆನ್ನು ಹಾಕಿ ಕೂತು ಮಗಳ ಪೆನ್ಸಿಲು ಕೆತ್ತುತ್ತಿದ್ದ. “ಸುಟ್ಟ ವಾಸನೆ ಬರ್ಲಿಲ್ವಾ ನಿಮಗೆ?” ಅವನು ಗಾಳಿಯನ್ನು ಎರಡು ಸಲ ಎಳೆದುಕೊಂಡ. ಮುಖದಲ್ಲಿ ಏನೂ ಬದಲಾಗಲಿಲ್ಲ. ಅಂದಿನಿಂದ ಅವಳು ಮೆಟ್ಟಿಲಿಳಿಯುವಾಗಲೆಲ್ಲ ಗ್ಯಾಸಿನ ಕೀಲಿ ತಿರುಗಿಸಿ ಮುಚ್ಚಿ ಇಳಿಯುತ್ತಿದ್ದಳು, ಅರ್ಧ ದಾರಿಯಿಂದ ಮತ್ತೆ ಹತ್ತಿ ಬಂದು ಮುಟ್ಟಿ ನೋಡುತ್ತಿದ್ದಳು.

ಕೊನೆಗೆ ಸಿಟ್ಟು. ಹತ್ತೊಂಬತ್ತು ವರ್ಷ ಯಾರನ್ನೂ ಏರುದನಿಯಲ್ಲಿ ಕರೆಯದವನು ಒಂದು ಬೆಳಿಗ್ಗೆ ಚಮಚ ಬಿದ್ದ ಸದ್ದಿಗೆ ಹಿತ್ತಾಳೆಯ ತಂಬಿಗೆಯನ್ನು ಗೋಡೆಗೆ ಎಸೆದ. ಸುಣ್ಣ ಕಿತ್ತು ಇಟ್ಟಿಗೆಯ ಕೆಂಪು ಕಂಡಿತು. ಒಂದು ಗಂಟೆಯ ಬಳಿಕ ಅದೇ ಗೋಡೆಯ ಮುಂದೆ ನಿಂತು, “ಇದೇನೇ ಗುರುತು?” ಎಂದು ಕೇಳಿದ.

ಅವಳು ಅವನ ಮುಖ ನೋಡಿದಳು. ಅಲ್ಲಿ ನಾಟಕವಿರಲಿಲ್ಲ.

“ಹಳೇದು ರೀ” ಎಂದಳು.

ಹೀಗೆ ಅವಳೂ ಅವನ ನೆನಪಿನ ಒಂದು ತೂತನ್ನು ಮುಚ್ಚಿದಳು. ಅವನ ದಿನಗಳ ತುಂಬ ತೂತುಗಳಿದ್ದವು, ಮತ್ತು ಅವನ ತಲೆ ಅವನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತಿತ್ತು. ತಲೆಗೆ ಪೆಟ್ಟಾದವರಿಗೆ ನೆನಪಿನ ತರಬೇತಿ ಕೊಡುವ ಡಾಕ್ಟರಮ್ಮ ಒಬ್ಬಳಿದ್ದಳು. ವಾರಕ್ಕೊಮ್ಮೆ ಅವಳ ಕೋಣೆಗೆ ಹೋಗಬೇಕು. ಮರದ ತುಂಡುಗಳನ್ನು ಜೋಡಿಸಿಯಾದ ಮೇಲೆ ಅವಳು ಕೇಳಿದಳು: “ಇವತ್ತು ಬೆಳಿಗ್ಗೆ ಏನೇನು ಮಾಡಿದ್ರಿ?”

“ಎದ್ದೆ. ಮೂಲೆ ಅಂಗಡಿಗೆ ಹೋಗಿ ಪೇಪರ್ ತಂದೆ. ದಾರೀಲಿ ನಮ್ಮ ಹಳೇ ವಾಚ್‌ಮನ್ ಸಿಕ್ಕಿದ್ದ. ಮಂಡಿ ನೋವು ಅಂತಿದ್ದ. ಎಡಮಂಡಿ.”

ಡಾಕ್ಟರಮ್ಮ ಹಿಂದೆ ಕೂತಿದ್ದ ಹೆಂಡತಿಯ ಕಡೆ ನೋಡಿದಳು. ಹೆಂಡತಿ ತಲೆ ತಗ್ಗಿಸಿದಳು. ಅವನು ಅಂದು ಬೆಳಿಗ್ಗೆ ಹೊಸ್ತಿಲನ್ನೇ ದಾಟಿರಲಿಲ್ಲ.

“ನಾನು ಸುಳ್ಳು ಹೇಳ್ತಿದೀನಾ?” ಅವನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

“ಇಲ್ಲ. ವಾಚ್‌ಮನ್ ಸಿಕ್ಕಿದ್ದು ನಿಜ ಇರಬಹುದು, ಯಾವತ್ತೋ. ನಿಮ್ಮ ತಲೆಗೆ ಜಾಗ ಖಾಲಿ ಬಿಡೋಕೆ ನಾಚಿಕೆ. ಹಳೇದೊಂದು ದಿನ ತಂದು ಅಲ್ಲಿ ಕೂರಿಸಿಬಿಡುತ್ತೆ. ನೀವು ಒಂದು ಅಭ್ಯಾಸ ಮಾಡ್ಕೋಬೇಕು. ದಿನಕ್ಕೆ ಹತ್ತು ಸಲ ‘ಗೊತ್ತಿಲ್ಲ’ ಅನ್ನಬೇಕು.”

“ಗೊತ್ತಿಲ್ಲ ಅನ್ನೋ ಎಲೆಕ್ಟ್ರಿಷಿಯನ್‌ನ ಯಾರು ಕೆಲಸಕ್ಕೆ ಇಟ್ಕೋತಾರೆ?”

“ಗೊತ್ತಿಲ್ಲ” ಎಂದಳು ಡಾಕ್ಟರಮ್ಮ. “ನೋಡಿ, ನಂದು ಒಂದಾಯ್ತು. ನಿಮ್ಮದು?”

ಅವನು ನಗಲಿಲ್ಲ. ದಾರಿಯಲ್ಲಿ ಬಸ್ಸಿನೊಳಗೆ, “ಆ ಹುಡುಗಿಗೆ ಅನುಭವ ಸಾಲದು” ಎಂದ. ಹತ್ತು ಸಲವಿರಲಿ, ಒಂದು ಸಲವೂ ಅವನು ಆ ಮಾತು ಹೇಳಲಿಲ್ಲ.

ಆದರೆ ಮನೆಯವರನ್ನು ನಿಜವಾಗಿ ಹೆದರಿಸಿದ್ದು ಅವನ ಕೈ. ಅದು ಬಲ್ಲ ದಾರಿಯಲ್ಲೇ ಹೋಗುತ್ತಿತ್ತು, ಎಡಎದೆಗೆ. ಅಲ್ಲಿ ಜೇಬು ಬರಿದು. “ಫ್ಯೂಸ್ ಎಲ್ಲಿ? ಯಾರು ತೆಗೆದ್ರು?” ಎಂದು ಶುರುವಾದರೆ ಅವನು ಗೋಡೆ ಹಿಡಿದು ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದ. ಒಮ್ಮೆ ಮಗಳು ಫ್ಯಾನು ಹಾಕಲು ಸ್ವಿಚ್ಚಿಗೆ ಕೈ ಎತ್ತಿದಾಗ ಅವಳ ಮಣಿಕಟ್ಟು ಹಿಡಿದು ತಿರುವಿಬಿಟ್ಟ. ತುಂಬ ಮೆಲ್ಲಗೆ, ಗುಟ್ಟು ಹೇಳುವವನ ಹಾಗೆ ಅಂದ: “ಮುಟ್ಟಬೇಡ. ಮೇಲೆ ಜನ ಇದ್ದಾರೆ.”

ಮಗಳು ತಲೆಯೆತ್ತಿ ಮಾಡು ನೋಡಿದಳು. ಸುಣ್ಣ ಬಳಿದ ಮಾಡು, ನಿಂತ ಫ್ಯಾನು. ಬೇರೆ ಏನೂ ಇರಲಿಲ್ಲ. ಅವಳ ಕೈಯ ಮೇಲಿನ ನೀಲಿ ಗುರುತು ಎಂಟು ದಿನ ಉಳಿಯಿತು.

ಮಾರನೆಯ ದಿನ ಹೆಂಡತಿ ತಮ್ಮನಿಗೆ ಹೇಳಿ ಕಾರ್ಖಾನೆಯ ಗುಜರಿಯಿಂದ ಹಳೆಯ ಫ್ಯೂಸೊಂದನ್ನು ತರಿಸಿದಳು. ಬಿಳಿ ಪಿಂಗಾಣಿ, ಒಂದು ಮೂಲೆ ಚಕ್ಕೆ ಎದ್ದದ್ದು. ತೊಳೆದು ಒರೆಸಿ ಅವನ ಜೇಬಿಗೆ ಹಾಕಿ ಗುಂಡಿ ಹಚ್ಚಿದಳು.

“ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗಾಯ್ತಲ್ಲಕ್ಕ” ಎಂದ ತಮ್ಮ.

“ನೀನು ಏಣಿ ಬಿಟ್ಟು ಬಾಗಿಲು ಹಾಕೋಕೆ ಹೋಗದೇ ಇದ್ದಿದ್ರೆ ಗಿಲಕಿ ಬೇಕಾಗ್ತಿರ್ಲಿಲ್ಲ.”

ಬಾಯಿಂದ ಬಿದ್ದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ. ಆದರೆ ಗಿಲಕಿ ಕೆಲಸ ಮಾಡಿತು. ಕೈ ಎದೆಗೆ ಹೋದರೆ ಅಲ್ಲಿ ಭಾರ ಸಿಗುತ್ತಿತ್ತು. ಭಾರ ಸಿಕ್ಕರೆ ಉಸಿರು ನಿಧಾನವಾಗುತ್ತಿತ್ತು. ಮಗಳು ಮತ್ತೆ ಫ್ಯಾನು ಹಾಕತೊಡಗಿದಳು. ರಾತ್ರಿ ಫ್ಯೂಸನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಾಚಣಿಗೆಯ ಪಕ್ಕದಲ್ಲಿಟ್ಟು, ಬೆಳಿಗ್ಗೆ ತಲೆ ಬಾಚಿ ಜೇಬಿಗೆ ಹಾಕಿಕೊಳ್ಳುವುದು ಅವನಿಗೆ ಹಲ್ಲುಜ್ಜಿದಷ್ಟೇ ರೂಢಿಯಾಯಿತು.

ಹನ್ನೊಂದು ತಿಂಗಳಾದ ಮೇಲೆ ಭಾವಮೈದುನ ಫೋರ್‌ಮನ್ನನ ಹಿಂದೆ ಬಿದ್ದು, ಕಾಡಿ ಬೇಡಿ, ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿದ. ಫೋರ್‌ಮನ್ ಒಂದೇ ಮಾತು ಹೇಳಿದ: “ಏಣಿ ಹತ್ತೋ ಹಾಗಿಲ್ಲ. ನೆಲದ ಮೇಲೆ ಇರಬೇಕು. ಏನಾದ್ರೂ ಆದ್ರೆ ನಿನ್ನ ಕುತ್ತಿಗೆಗೆ.” ಹೆಂಡತಿಯೂ ಒಂದೇ ಮಾತು ಹೇಳಿದಳು: “ರೀ, ಮನೆ ಫ್ಯೂಸ್ ಮನೇಲೇ ಇರ್ಲಿ. ಕೆಲಸದ ಜಾಗಕ್ಕೆ ಅದು ಬೇಡ.” ಅವನು ತಲೆಯಾಡಿಸಿದ. ದಿನವೂ ಬೆಳಿಗ್ಗೆ ಅವಳು ಎದುರು ನಿಂತು ಜೇಬು ಮುಟ್ಟಿ ನೋಡಿಯೇ ಕಳಿಸುತ್ತಿದ್ದಳು.

ಮೊದಲ ಐದು ದಿನ ಅವನು ಸ್ಟೂಲಿನ ಮೇಲೆ ಕೂತು ಸ್ಕ್ರೂ ಹಿಡಿದುಕೊಂಡ. ಹತ್ತುವವನು ಭಾವಮೈದುನ, ಫ್ಯೂಸು ಅವನ ಜೇಬಿನಲ್ಲಿ. ಹಾದುಹೋಗುವವರು ಪ್ರೀತಿಯಿಂದಲೇ ಚುಚ್ಚುತ್ತಿದ್ದರು. “ಏನು ಕರೆಂಟಣ್ಣ, ಮೇನ್ ಸ್ವಿಚ್ ಸರಿಹೋಯ್ತಾ?” “ವೋಲ್ಟೇಜ್ ಸ್ವಲ್ಪ ಕಮ್ಮಿ ಕಾಣ್ತಿದೆ.” ಅವನು ನಗುತ್ತಿದ್ದ. ಐದನೆಯ ಸಂಜೆ ಬೀಗ ಹಾಕುವಾಗ ಮಾತ್ರ ಭಾವಮೈದುನನಿಗೆ ಅಂದ: “ಸ್ಕ್ರೂ ಹಿಡ್ಕೊಳ್ಳೋಕೆ ನಾನ್ಯಾಕೋ? ಗೋಡೆಗೊಂದು ಡಬ್ಬ ತೂಗುಹಾಕಿದ್ರೆ ಸಾಕಲ್ಲ.”

ಆ ಮಾತನ್ನು ಭಾವಮೈದುನ ಮನೆಗೆ ಹೊತ್ತುಕೊಂಡು ಹೋದ.

ಆರನೆಯ ದಿನ ಬೆಳಿಗ್ಗೆ ಮಗಳ ಒಂದು ಕಾಲಿನ ಬೂಟು ಸಿಗಲಿಲ್ಲ. ತಾಯಿ ಮಗಳು ಮಂಚದಡಿ ಬಗ್ಗಿದ್ದರು. ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚಿ, ಬಾಚಣಿಗೆ ಇಟ್ಟು, ಪಕ್ಕದ ಬಿಳಿ ತುಂಡನ್ನೆತ್ತಿ ಜೇಬಿಗೆ ಹಾಕಿ ಗುಂಡಿ ಹಚ್ಚಿದ. ಕೈಗೆ ಗೊತ್ತಿದ್ದ ಕೆಲಸ, ಅದು ತಲೆಯನ್ನು ಕೇಳಲಿಲ್ಲ. ಬೂಟು ಬಾಗಿಲ ಹಿಂದೆ ಸಿಕ್ಕಿತು. ಗಡಿಬಿಡಿಯಲ್ಲಿ ಹೆಂಡತಿ ಅಂದು ಜೇಬು ಮುಟ್ಟಿ ನೋಡಲಿಲ್ಲ.

ಮಧ್ಯಾಹ್ನ ಅಂಟು ಕಾಯಿಸುವ ಹಂಡೆ ತಣ್ಣಗಾಯಿತು. ಗೋಡೆಯ ಮೇಲೆ, ಹನ್ನೆರಡು ಅಡಿ ಎತ್ತರದಲ್ಲಿದ್ದ ಜಂಕ್ಷನ್ ಪೆಟ್ಟಿಗೆಯಲ್ಲಿ ತಂತಿ ಸಡಿಲವಾಗಿರಬೇಕು ಎಂದು ಇಬ್ಬರೂ ನೋಡಿದೊಡನೆ ಹೇಳಿದರು. ಊಟದ ಬಿಡುವು. ಯಂತ್ರಗಳೆಲ್ಲ ಬಾಯಿ ಮುಚ್ಚಿದ್ದವು. ಭಾವಮೈದುನ ಬಿದಿರಿನ ಏಣಿಯನ್ನು ಗೋಡೆಗೆ ಒರಗಿಸಿದ.

“ಭಾವ, ಇವತ್ತು ಫ್ಯೂಸ್ ನೀವೇ ತೆಗೆದು ನೀವೇ ಇಟ್ಕೊಳ್ಳಿ.”

“ಹತ್ತೋನು ನೀನು.”

“ಗೊತ್ತು. ನಿಮ್ಮ ಜೇಬಲ್ಲಿದ್ರೆ ನನ್ನ ಜೇಬಲ್ಲಿದ್ದ ಹಾಗೇ ಅಲ್ವಾ? ಹತ್ತೊಂಬತ್ತು ವರ್ಷದ ಜೇಬು.”

ಕರೆಂಟಣ್ಣ ಅವನನ್ನು ನೋಡಿದ. ಮುದುಕನ ಮಾತು ನೆನಪಾಗದೆ ಇರಲಿಲ್ಲ. ಆದರೆ ಹನ್ನೊಂದು ತಿಂಗಳಲ್ಲಿ ಅವನ ಕೈಗೆ ಯಾರೂ ಸ್ಕ್ರೂಗಿಂತ ದೊಡ್ಡದೇನನ್ನೂ ಕೊಟ್ಟಿರಲಿಲ್ಲ. ಅವನು ಎದ್ದು ಪ್ಯಾನೆಲ್ ಕೋಣೆಯ ಕಡೆ ನಡೆದ.

ಪ್ಯಾನೆಲ್ ಕೋಣೆ ಕಾರ್ಖಾನೆಯ ಆ ತುದಿಯಲ್ಲಿತ್ತು. ಆಳೆತ್ತರ ಪೇರಿಸಿದ ರಟ್ಟಿನ ಹಾಳೆಗಳ ನಡುವೆ ಒಬ್ಬರು ನಡೆಯುವಷ್ಟೇ ದಾರಿ. ಅವನು ಅರ್ಧಕ್ಕೆ ಬಂದಿದ್ದಾಗ ಹೊರಗೆ ಲಾರಿಯ ಹಿಂಬಾಗಿಲು ಬಿತ್ತು. ಕಬ್ಬಿಣದ ಮೇಲೆ ಕಬ್ಬಿಣ. ಆ ಸದ್ದು ತಲೆಬುರುಡೆಯ ಒಳಗೇ ಆಯಿತು. ಅವನು ಕಣ್ಣು ಮುಚ್ಚಿ ರಟ್ಟಿಗೆ ಹಣೆ ಒತ್ತಿ ನಿಂತ. ಬೆಳಕು, ಕತ್ತಲೆ, ಬೆಳಕು. ಎಷ್ಟು ಹೊತ್ತೋ.

ನೋವು ಇಳಿದಾಗ ಅವನ ಮುಖ ಹಂಡೆಯ ಕಡೆಗಿತ್ತು, ಬಂದ ದಾರಿಯ ಕಡೆಗೆ. ಹೋಗುತ್ತಿದ್ದೆನೋ ಬರುತ್ತಿದ್ದೆನೋ? ಕೈ ಎದೆಗೆ ಹೋಯಿತು. ಗುಂಡಿ ಹಾಕಿತ್ತು. ಒಳಗೆ ಭಾರವಿತ್ತು.

ಸರಿ, ಕೆಲಸ ಆಗಿದೆ ಎಂದುಕೊಂಡು ಅವನು ವಾಪಸು ನಡೆದ.

“ಆಯ್ತಾ ಭಾವ?”

“ಆಯ್ತು” ಎಂದು ಜೇಬು ತಟ್ಟಿದ. ಪಿಂಗಾಣಿಯ ಮಂದ ಸದ್ದು ಇಬ್ಬರಿಗೂ ಕೇಳಿಸಿತು.

ಭಾವಮೈದುನ ಹತ್ತಿದ. ಕರೆಂಟಣ್ಣ ಏಣಿಯ ಎರಡೂ ಕಾಲುಗಳನ್ನು ಅದುಮಿ ಹಿಡಿದ. ಮಾಡಿನ ಪಾರದರ್ಶಕ ಹಾಳೆಯಿಂದ ನೇರ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು.

“ನೀವು ಹಿಡ್ಕೊಂಡಿದ್ರೆ ಏಣಿ ಅಲ್ಲ, ಮನೆ ಮೆಟ್ಟಿಲು ಹತ್ತಿದ ಹಾಗಿದೆ” ಎಂದ ಮೇಲಿನಿಂದ.

“ನಾನು ಬಾಗಿಲು ಹಾಕೋಕೆ ಹೋಗಲ್ಲ, ಭಯಪಡಬೇಡ.”

ಭಾವಮೈದುನ ತಲೆ ತಗ್ಗಿಸಿ ಕೆಳಗೆ ನೋಡಿದ. ಆಮೇಲೆ ನಕ್ಕ. ಹನ್ನೊಂದು ತಿಂಗಳಲ್ಲಿ ಅವರಿಬ್ಬರೂ ಆ ಬಿದ್ದ ದಿನದ ಮಾತನ್ನು ಆಡಿದ್ದು ಇದೇ ಮೊದಲು.

ಪೆಟ್ಟಿಗೆಯ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಅದರ ಪಕ್ಕದಲ್ಲಿ ಹೊರಬಂದಿದ್ದ ತಂತಿಯ ತುದಿಗೆ ಭಾವಮೈದುನ ಟೆಸ್ಟರ್ ಇಟ್ಟು ನೋಡಿದ. “ಈ ಬಿಸಿಲಲ್ಲಿ ಕೆಂಪು ದೀಪ ಹತ್ತಿದ್ಯೋ ಇಲ್ವೋ ಕಾಣ್ತಾ ಇಲ್ಲ. ಹೋಗ್ಲಿ, ಜೇಬಲ್ಲಿ ಇದೆಯಲ್ಲ.” ಮೊದಲ ಸ್ಕ್ರೂ ಕರೆಂಟಣ್ಣ ಒಂದು ಕೈ ಬಿಡಿಸಿ ಚಾಚಿದ ಅಂಗೈಗೆ ಬಿತ್ತು.

ಅವನಿಗೆ ಒಳಗೊಳಗೇ ಸುಖವಾಗಿತ್ತು. ಫ್ಯೂಸು ಕಿತ್ತ ಗಳಿಗೆಯನ್ನು ಮತ್ತೊಮ್ಮೆ ನೆನೆದುಕೊಂಡ. ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಹಸಿರು ಬಾಗಿಲು. ಕೆಳಸಾಲು, ಎಡದಿಂದ ನಾಲ್ಕನೆಯದು. ಹಿಡಿದು ಎಳೆದರೆ ಮೊದಲು ಬಿಗಿ, ಆಮೇಲೆ ‘ಟಕ್’.

ಎರಡನೆಯ ಸ್ಕ್ರೂ.

ಪಿಂಗಾಣಿ ಬೆಚ್ಚಗಿತ್ತು. ಕೋಣೆಯೊಳಗೆ ಯಾವಾಗಲೂ ಇರುವ ಆ ವಾಸನೆ, ಕಾದ ವಾರ್ನಿಷ್ಷು, ಸುಟ್ಟ ಧೂಳು, ಸ್ವಲ್ಪ ಸಿಹಿ. ಹತ್ತೊಂಬತ್ತು ವರ್ಷ ಅವನ ಬೆಳಗುಗಳೆಲ್ಲ ಆ ವಾಸನೆಯಿಂದಲೇ ಶುರುವಾಗುತ್ತಿದ್ದವು.

ಮೂರನೆಯ ಸ್ಕ್ರೂ ಅಂಗೈಗೆ ಬಿತ್ತು. ಅವನ ಬೆರಳು ಮುಚ್ಚಲಿಲ್ಲ. ಸ್ಕ್ರೂ ನೆಲಕ್ಕುರುಳಿತು.

ವಾಸನೆ.

ಅವನು ಮೂಗಿನಿಂದ ಗಾಳಿ ಎಳೆದುಕೊಂಡ. ಪಕ್ಕದಲ್ಲೇ ಅಂಟಿನ ಹಂಡೆಯಿತ್ತು, ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವ ಹಂಡೆ. ಅವನಿಗೆ ಏನೂ ಬರಲಿಲ್ಲ. ಹಾಲು ಸುಟ್ಟಾಗಲೂ ಬಂದಿರಲಿಲ್ಲ. ಹನ್ನೊಂದು ತಿಂಗಳಿಂದ ಏನೂ ಬಂದಿಲ್ಲ. ಹಾಗಿದ್ದರೆ ಹತ್ತು ನಿಮಿಷದ ಹಿಂದೆ ಪ್ಯಾನೆಲ್ ಕೋಣೆಯಲ್ಲಿ ಆ ವಾಸನೆ ಬಂದದ್ದು ಯಾರಿಗೆ?

ಇದು ಬೇರೆ ದಿನ. ಯಾವತ್ತಿನದೋ ದಿನ ಬಂದು ಇಲ್ಲಿ ಕೂತಿದೆ. ಆದರೆ ಜೇಬಿನಲ್ಲಿ ಭಾರವಿದೆಯಲ್ಲ. ಫ್ಯೂಸು ಇದೆಯಲ್ಲ. ಇಷ್ಟು ಸ್ಪಷ್ಟವಾದದ್ದು ಸುಳ್ಳಾಗುವುದುಂಟೆ? ಊಟ ಮುಗಿಸಿ ಇಬ್ಬರು ಮೂವರು ಬರತೊಡಗಿದ್ದರು, ಫೋರ್‌ಮನ್ನನೂ ಬಾಗಿಲಲ್ಲಿ ಕಂಡ. ಈಗ ಬಾಯಿಬಿಟ್ಟರೆ ನಾಳೆಯಿಂದ ಸ್ಟೂಲೂ ಇಲ್ಲ. ಬಿಡದಿದ್ದರೆ?

ಮೇಲೆ ನಾಲ್ಕನೆಯ ಸ್ಕ್ರೂ ಸಡಿಲವಾಗಿ ಮುಚ್ಚಳ ಜೋತಾಡಿತು. ಭಾವಮೈದುನ ಟೆಸ್ಟರನ್ನು ಹಲ್ಲಲ್ಲಿ ಕಚ್ಚಿಕೊಂಡು, ಅಂಗಿಯ ಬದಿಗೆ ಬೆರಳು ಒರೆಸಿಕೊಂಡು, ತಂತಿಯ ಕಡೆ ಕೈ ನೀಡಿದ.

“ಇಳಿ.”

“ಏನು ಭಾವ?”

“ಕೈ ತೆಗಿ. ಇಳಿ.”

“ಫ್ಯೂಸ್ ನಿಮ್ಮ ಹತ್ರ ಇದೆ ತಾನೆ?”

“ಇದೆ.”

“ಮತ್ತಿನ್ನೇನು?”

ಆ ಪದ ಅವನ ಬಾಯಿಗೆ ಹೊಸತು, ಹೊಸ ಹಲ್ಲಿನ ಹಾಗೆ.

“ಎಲ್ಲಿಂದ ತಂದೆ ಅಂತ ನನಗೆ ಗೊತ್ತಿಲ್ಲ.”

ಭಾವಮೈದುನನ ಕೈ ಗಾಳಿಯಲ್ಲಿ ನಿಂತಿತು. ಅವನು ಅದನ್ನು ತುಂಬ ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ, ಮಲಗಿದ ನಾಯಿಯ ಮುಂದಿನಿಂದ ತೆಗೆಯುವ ಹಾಗೆ. ಒಂದೊಂದೇ ಮೆಟ್ಟಿಲು ಇಳಿದ. ಇಬ್ಬರೂ ಪ್ಯಾನೆಲ್ ಕೋಣೆಗೆ ನಡೆದರು. ಹಸಿರು ಬಾಗಿಲು. ಕೆಳಸಾಲು, ಎಡದಿಂದ ನಾಲ್ಕನೆಯದು.

ಫ್ಯೂಸು ತನ್ನ ಜಾಗದಲ್ಲೇ ಕೂತಿತ್ತು.

ಭಾವಮೈದುನ ಉದ್ದ ತಂತಿಯ ಪರೀಕ್ಷೆಯ ಬಲ್ಬು ತಂದು, ರಬ್ಬರ್ ಗವಸು ಹಾಕಿಕೊಂಡು ಮತ್ತೆ ಏಣಿ ಹತ್ತಿ ಪೆಟ್ಟಿಗೆಗೆ ಮುಟ್ಟಿಸಿದ. ಬಲ್ಬು ತುಂಬಿಕೊಂಡು ಉರಿಯಿತು. ಆ ಬಿಸಿಲಿನಲ್ಲೂ ಎಲ್ಲರಿಗೂ ಕಂಡಿತು. ಅವನು ಇಳಿದು ಬಂದು ರಟ್ಟಿನ ಕಟ್ಟಿನ ಮೇಲೆ ಕೂತ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವನಿಗೆ ಎರಡು ವರ್ಷದ ಮಗುವಿತ್ತು.

ಕರೆಂಟಣ್ಣ ಗುಂಡಿ ಬಿಚ್ಚಿ ಜೇಬಿನಲ್ಲಿದ್ದುದನ್ನು ತೆಗೆದ. ಒಂದು ಮೂಲೆ ಚಕ್ಕೆ ಎದ್ದಿತ್ತು.

“ಇದು ಮನೇದು” ಎಂದ.

“ಅಕ್ಕಂಗೆ ಹೇಳಬೇಡಿ ಭಾವ. ನಾನೇ ಇಟ್ಕೊಳ್ಳಿ ಅಂದಿದ್ದು. ತಪ್ಪು ನಂದು.”

“ಹೇಳ್ಬೇಕು.”

ಫೋರ್‌ಮನ್ ಹತ್ತಿರ ಬಂದು ಇಬ್ಬರ ಮುಖ ನೋಡಿದ. ಬಲ್ಬು ನೋಡಿದ. ಅವನಿಗೆ ಬಿಡಿಸಿ ಹೇಳುವುದು ಬೇಕಾಗಲಿಲ್ಲ. “ಇನ್ನು ನಿನ್ನ ಹೇಗಪ್ಪ ಇಟ್ಕೊಳ್ಳೋದು?” ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

“ಗೊತ್ತಿಲ್ಲ” ಎಂದ ಕರೆಂಟಣ್ಣ.

“ಈಗ ಮನೆಗೆ ಹೋಗು. ಸೋಮವಾರ ಬಾ, ಮಾತಾಡೋಣ.”

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು.

ಹೆಂಡತಿ ಮೆಟ್ಟಿಲ ಅಡಿಯಲ್ಲಿ ಹೊಲಿಯುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ಕಂಡು ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು. ಅವನು ಬಿಳಿ ತುಂಡನ್ನು ಅವಳ ಮುಂದೆ, ಸೂಜಿಯ ಪಕ್ಕದಲ್ಲಿ ಇಟ್ಟ. ಹೇಳಬೇಕಾದದ್ದನ್ನೆಲ್ಲ ಹೇಳಿದ. ಗೊತ್ತಿದ್ದುದನ್ನು ಗೊತ್ತು ಎಂದ. ಲಾರಿಯ ಸದ್ದಿನಿಂದ ಜೇಬು ಮುಟ್ಟುವವರೆಗಿನದಕ್ಕೆ ‘ಗೊತ್ತಿಲ್ಲ’ ಎಂದ.

“ನಾನೇ ಕೊಟ್ಟಿದ್ದು” ಎಂದಳು. “ನಿಮಗೆ ಸಮಾಧಾನ ಆಗ್ಲಿ ಅಂತ ನಾನೇ ಕೊಟ್ಟಿದ್ದು. ನನ್ನ ತಮ್ಮನ್ನ ನಾನೇ…”

“ಜೇಬು ಬಿಚ್ಚು.”

“ರೀ.”

“ಐದೂ ಅಂಗೀದು ಬಿಚ್ಚು. ಭಾರ ಇದ್ರೆ ನಾನು ನಂಬ್ತೀನಿ. ನಂಬಬಾರದು ಇನ್ನು.”

ಅವಳು ಸಣ್ಣ ಕತ್ತರಿ ತೆಗೆದುಕೊಂಡು ಮೇಲೆ ಬಂದಳು. ಅವನು ಹಾಕಿಕೊಂಡಿದ್ದ ಅಂಗಿಯನ್ನೂ ಕಳಚಿಕೊಟ್ಟು ಬನಿಯನ್ನಿನಲ್ಲಿ ಕೂತ. ಒಂದೊಂದು ಹೊಲಿಗೆಯೂ ಟಿಕ್ ಟಿಕ್ ಎಂದು ಕತ್ತರಿಸಿಕೊಂಡಿತು. ಆ ಸಣ್ಣ ಸದ್ದೂ ಅವನ ಕಣ್ಣಿನ ಹಿಂದೆ ಚುಚ್ಚುತ್ತಿತ್ತು, ಅವನು ಎದ್ದು ಹೋಗಲಿಲ್ಲ. ಜೇಬು ಕಳಚಿದ ಜಾಗದಲ್ಲಿ ಅಂಗಿಯ ಬಟ್ಟೆ ಗಾಢ ನೀಲಿಯಾಗಿತ್ತು. ಸುತ್ತಲಿನದೆಲ್ಲ ಬಿಸಿಲಿಗೂ ಸಾಬೂನಿಗೂ ಮಾಸಿ ಹೋಗಿತ್ತು. ಕೊಂಡ ದಿನದ ಬಣ್ಣ ಆ ಚೌಕದಷ್ಟೇ ಉಳಿದಿತ್ತು.

ಅಂಗಿ ತೊಟ್ಟುಕೊಂಡ. ಕೈ ಎದೆಗೆ ಹೋಯಿತು. ಬಟ್ಟೆ, ಬಟ್ಟೆಯ ಕೆಳಗೆ ಎಲುಬು. ಹಳೆಯ ಭಯ ಬಂತು. ಅವನು ಅದನ್ನು ಬರಗೊಟ್ಟು, ಕುರ್ಚಿಯ ಹಿಡಿ ಹಿಡಿದು ಕೂತ. ಎದುರಿಗೆ ಗೋಡೆ. ಗೋಡೆಯಲ್ಲಿ ಕೆಂಪು ಇಟ್ಟಿಗೆ ಕಾಣುವ ಗುಂಡಿ.

“ಆ ಗುರುತು ಹಳೇದಲ್ಲ, ಅಲ್ವಾ?”

ಅವಳ ಕತ್ತರಿ ನಿಂತಿ‍ತು. ಮಗಳು ಶಾಲೆಯಿಂದ ಬಂದು ಬರಿಗಾಲಲ್ಲಿ ಬಾಗಿಲ ಬಳಿ ನಿಂತಿದ್ದಳು.

“ಅಲ್ಲ” ಎಂದಳು ಹೆಂಡತಿ.

“ನಾನೇನಾ?”

“ಹೌದು. ತಂಬಿಗೇಲಿ.”

ಅವನು ತಲೆಯಾಡಿಸಿದ. ಮಗಳ ಮಣಿಕಟ್ಟಿನ ಕಡೆ ಒಮ್ಮೆ ನೋಡಿದ, ಅಲ್ಲಿ ಈಗ ಏನೂ ಇರಲಿಲ್ಲ. “ಇಂಥವು ಇನ್ನೂ ಇದಾವಾ?”

ಮಗಳು ಕೋಣೆ ದಾಟಿ, ಸದ್ದಾಗದಂತೆ ಕುರ್ಚಿಯೊಂದನ್ನು ಎತ್ತಿ ತಂದಿಟ್ಟು, ಅದರ ಮೇಲೆ ಹತ್ತಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದಳು. ಅದರ ಹಿಂದೆಯೂ ಸುಣ್ಣ ಕಿತ್ತು ಇಟ್ಟಿಗೆಯ ಕೆಂಪು ಕಾಣುತ್ತಿತ್ತು.

ಅವನು ಎದ್ದು ಹೋಗಿ ಕುರ್ಚಿಯ ಕಾಲುಗಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಮೇಲೆ ತಲೆಯೆತ್ತಿ ನೋಡಿದ.